ಹೊಸ ನೆಲ ಬಿರುಕು ಬಿಟ್ಟಾಗ

(ರಜತ ಮಹೋತ್ಸವದ ಉಪನ್ಯಾಸ ಮಾಲೆಯಲ್ಲಿ ಸಂಘದ ಸದಸ್ಯರೂ ನಿವೃತ್ತ ಓವರ್‌ಸಿಯರೂ ಆದವರೊಬ್ಬರು ಆಡಿದ ಮಾತಿನ ಬರಹರೂಪ)



ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಥೆಯಿಂದ ಹಿಡಿದು ಇವತ್ತಿನ ಸಾಲ ಮನ್ನಾದವರೆಗೆ ಹೇಳಬಲ್ಲವರು ಇಲ್ಲೇ ಕೂತಿದ್ದಾರೆ. ನನಗೆ ಒಪ್ಪಿಸಿರುವುದು ನೆಲದ ವಿಷಯ. ಅಂದರೆ ಈಗ ನಾವೆಲ್ಲ ಕೂತಿರುವ ಈ ಸಭಾಭವನದ ಕೆಳಗಿನ ಗೋದಾಮಿನ ನೆಲ. ಅದು ಬಿರುಕು ಬಿಟ್ಟಾಗ ಊರಿನಲ್ಲಿ ಎಷ್ಟು ಮಾತಾಯಿತು ಅನ್ನೋದು ನಿಮಗೆಲ್ಲ ಗೊತ್ತು. ಆ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವುದು ನಿಜ, ಯಾವುದು ಸುಳ್ಳು ಅಂತ ಹೇಳೋಣ ಅಂತ ನಿಂತಿದ್ದೇನೆ. ಇನ್ನು ಮುಂದೆ ಮನೆ, ಕಣ, ಕೊಟ್ಟಿಗೆ ಅಂತ ಕಾಂಕ್ರೀಟು ಹಾಕಿಸುವವರಿಗೂ ಉಪಯೋಗವಾದೀತು.

ಮೊದಲು ಒಂದು ಶಬ್ದದ ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಗಾರೆಯವರು ಬೇಸ್‌ಮೆಂಟು ಅಂದರೆ ಪಾಯದ ಮೇಲೆ ನೆಲದ ಮಟ್ಟದವರೆಗೆ ಏರಿಸುವ ಕಲ್ಲಿನ ಕಟ್ಟು. ಎಸ್ಟಿಮೇಟಿನಲ್ಲಿ ಬೇಸ್‌ಮೆಂಟ್ ಅಂತ ಬರೆದಿದ್ದನ್ನು ನೋಡಿ ಒಬ್ಬ ನಿರ್ದೇಶಕರು “ಕಲ್ಲುಕಟ್ಟಡ ಬಿರುಕು ಬಿಟ್ಟಿದ್ಯಂತೆ” ಅಂತ ಗಾಬರಿಯಾಗಿ ಓಡಿಬಂದಿದ್ದರು. ನಾನು ಹೇಳುತ್ತಿರೋದು ನೆಲಮಾಳಿಗೆ. ನಮ್ಮ ಕಟ್ಟಡ ಇಳಿಜಾರಿನಲ್ಲಿದೆ. ಮೇಲಿನ ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ಕೆಳಗಿನ ದಾರಿಯಿಂದ ನೋಡಿದರೆ ಎರಡು. ಕೆಳಗಿನದಕ್ಕೆ ಮೂರು ಕಡೆ ಮಣ್ಣು, ಒಂದು ಕಡೆ ರೋಲಿಂಗ್ ಶಟರು. ಉದ್ದ 40 ಅಡಿ, ಅಗಲ 24 ಅಡಿ, ನೆಲದ ಕಾಂಕ್ರೀಟಿನ ದಪ್ಪ 4 ಇಂಚು.

2024ರ ಮಾರ್ಚ್ ತಿಂಗಳು, ಶಿವರಾತ್ರಿ ಕಳೆದ ಮರುವಾರ ಆ ಕಾಂಕ್ರೀಟು ಬಿತ್ತು. ಆ ದಿನ ನಾನು ಅಲ್ಲೇ ಇದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕಂದರೆ ಆಮೇಲೆ ಎಲ್ಲರೂ ಮೇಸ್ತ್ರಿಯನ್ನು ಬಯ್ಯುವಾಗ ನಾನು ಸುಮ್ಮನೆ ಕೂತಿದ್ದೆ. ಬೆಳಿಗ್ಗೆ ಏಳಕ್ಕೆ ಶುರುವಾಗಬೇಕಾಗಿದ್ದ ಕೆಲಸ ಮಿಕ್ಸರ್ ಬರುವುದು ತಡವಾಗಿ ಹತ್ತೂವರೆಗೆ ಶುರುವಾಯಿತು. ಬಿಸಿಲು ಏರಿತ್ತು, ಶಟರಿನ ಕಡೆಯಿಂದ ಒಣಗಾಳಿ ನುಗ್ಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆಳುಗಳಿಗೆ ಸುಸ್ತು. ಕಾಂಕ್ರೀಟು ಗಟ್ಟಿಯಿದ್ದರೆ ಎಳೆಯೋದು ಕಷ್ಟ, ನೀರು ಹೆಚ್ಚು ಹಾಕಿದರೆ ತಾನೇ ಹರಿದುಕೊಂಡು ಹೋಗುತ್ತೆ. ಒಂದು ಮೂಟೆ ಸಿಮೆಂಟಿಗೆ ಎರಡು ಬಕೆಟ್ ನೀರು ಹೋಗುತ್ತಿದ್ದದ್ದು ಮೂರು ಬಕೆಟ್ ಆಯಿತು. ನಾನು ನೋಡಿದೆ. ಮೇಸ್ತ್ರಿಯೂ ನನ್ನ ಮುಖ ನೋಡಿದರು. ಅಷ್ಟರಲ್ಲಿ ನಮ್ಮ ಸಮಿತಿಯವರೇ ಒಬ್ಬರು “ಬೇಗ ಮುಗಿಸ್ರಪ್ಪಾ, ಊಟ ಆರ್ತಾ ಇದೆ” ಅಂದರು. ನಾನು ಬಾಯಿ ಬಿಡಲಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ಬಾಯಿ ಬಿಡಲಿಲ್ಲ.

ಆ ಮೂರನೇ ಬಕೆಟ್ಟಿನ ಲೆಕ್ಕ ಕೇಳಿ. ನಮ್ಮ ದೇಶದ ಕಾಂಕ್ರೀಟಿನ ನಿಯಮಗ್ರಂಥ ಐಎಸ್ 456. ಎಂ 20 ಅನ್ನುವ ಕಾಂಕ್ರೀಟನ್ನು ಅಳತೆಯ ಮೇಲೆ ಬೆರೆಸುವಾಗ 50 ಕಿಲೋ ಮೂಟೆಗೆ 30 ಲೀಟರ್ ನೀರು ಮೀರಬಾರದು ಅಂತ ಅದರಲ್ಲಿದೆ. ಮರಳು ಒದ್ದೆಯಿದ್ದರೆ ಆ ನೀರೂ ಈ 30ರಲ್ಲೇ ಸೇರಬೇಕು. ಸಿಮೆಂಟು ತಾನು ಗಟ್ಟಿಯಾಗೋದಕ್ಕೆ ಹಿಡಿದುಕೊಳ್ಳೋದು ತನ್ನ ತೂಕದ ಕಾಲು ಭಾಗದಷ್ಟು ನೀರನ್ನು, ಅಂದರೆ ಮೂಟೆಗೆ ಹನ್ನೆರಡು ಲೀಟರಿನ ಆಜುಬಾಜು. ಮಿಕ್ಕಿದ್ದು ಕಲಸೋದಕ್ಕೆ, ಎಳೆಯೋದಕ್ಕೆ. ಹಾಗೆ ಮಿಕ್ಕ ನೀರು ಒಂದಲ್ಲ ಒಂದು ದಿನ ಆವಿಯಾಗಿ ಹೋಗಲೇಬೇಕು. ಹೋಗುವಾಗ ಕಾಂಕ್ರೀಟು ಕುಗ್ಗುತ್ತೆ. ನೀರು ಹೆಚ್ಚಿದಷ್ಟೂ ಕುಗ್ಗುವುದು ಹೆಚ್ಚು, ಗಟ್ಟಿತನ ಕಡಿಮೆ. ಹದ ತಿಳಿಯಬೇಕಾದರೆ ತಾಯಂದಿರನ್ನು ಕೇಳಿ, ಉಪ್ಪಿಟ್ಟಿಗೂ ಗಂಜಿಗೂ ವ್ಯತ್ಯಾಸ ಅವರಿಗೆ ಗೊತ್ತು. ನೆಲದ ಕಾಂಕ್ರೀಟು ಗಂಜಿಯಾಗಬಾರದು.

ಮರುದಿನ ಬೆಳಿಗ್ಗೆ ಶಟರಿನ ಹತ್ತಿರ ಸಣ್ಣ ಸಣ್ಣ ಗೆರೆಗಳು ಕಂಡವು. ಹತ್ತು ಹನ್ನೆರಡು ದಿನಕ್ಕೆ ನಡುವೆ ಅಡ್ಡಲಾಗಿ ಗೋಡೆಯಿಂದ ಗೋಡೆಗೆ ಒಂದು ಬಿರುಕು. ಯುಗಾದಿ ಹೊತ್ತಿಗೆ ಹಿಂದಿನ ಗೋಡೆಯ ಉದ್ದಕ್ಕೂ ಇನ್ನೊಂದು. ಆಮೇಲೆ ಏನು ಕೇಳುತ್ತೀರಿ! ಸಿಮೆಂಟೇ ಹಾಕಿಲ್ಲ ಅಂದವರು ಕೆಲವರು, ಕಾರ್ಯದರ್ಶಿ ದುಡ್ಡು ತಿಂದರು ಅಂದವರು ಕೆಲವರು. ವಿಶೇಷ ಸಭೆ ಕರೆದಾಯಿತು. ಮೇಸ್ತ್ರಿಯ ಕೊನೆಯ ಕಂತು ತಡೆಹಿಡಿದದ್ದೂ ಆಯಿತು. ಪೂರ್ತಿ ಒಡೆದು ಹೊಸದಾಗಿ ಹಾಕಿಸಬೇಕು ಅಂತ ಒಂದು ಪಕ್ಷ. ಮೇಲೊಂದು ಇಂಚು ಗಾರೆ ಎಳೆದು ಮುಚ್ಚಿಬಿಡೋಣ ಅಂತ ಇನ್ನೊಂದು ಪಕ್ಷ. ಪೇಟೆಗೆ ಹೋಗಿ ಎಪಾಕ್ಸಿ ಡಬ್ಬಿಯನ್ನೇ ತಂದಿಟ್ಟವರೂ ಇದ್ದರು. ಮುಂಗಾರಿಗೆ ಎರಡು ತಿಂಗಳಿಲ್ಲ, ಗೊಬ್ಬರದ ಲೋಡು ಬರಬೇಕು, ಷೇರು ಹಣ ನೆಲಕ್ಕೆ ಹಾಕಿ ಆಗಿದೆ. ಆ ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು: “ಅಲ್ಲ ಮಾರಾಯ್ರೇ, ಮೂರು ಬಿರುಕು ಅಂತೀರಿ, ಮೂರೂ ಒಂದೇ ರೋಗವಾ?” ಇಂಜಿನಿಯರ್ ಕೇಳಬೇಕಾದ ಪ್ರಶ್ನೆ ಅದು. ಮೂರೂ ಒಂದೇ ರೋಗವಲ್ಲ. ಒಂದೇ ಮದ್ದು ಹಾಕಿದ್ದರೆ ಎರಡಕ್ಕಾದರೂ ಕೆಡುಕಾಗುತ್ತಿತ್ತು.

ಬಿರುಕನ್ನು ಮುಚ್ಚೋದಕ್ಕೆ ಮುಂಚೆ ಓದಬೇಕು. ಯಾವಾಗ ಬಂತು? ಎಷ್ಟು ಅಗಲ? ಎರಡು ಅಂಚು ಸಮ ಇದೆಯೋ, ಒಂದು ಮೇಲೆ ಒಂದು ಕೆಳಗೋ? ಇನ್ನೂ ಬೆಳೆಯುತ್ತಿದೆಯೋ, ನಿಂತಿದೆಯೋ? ಒದ್ದೆ ಇದೆಯೋ? ಇದಕ್ಕೆ ದೊಡ್ಡ ಯಂತ್ರ ಬೇಡ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ ತಾರೀಖು ಬರೆಯಿರಿ. ಗೆರೆ ದಾಟಿ ಮುಂದೆ ಹೋದರೆ ಬೆಳೆಯುತ್ತಿದೆ ಅಂತ ಅರ್ಥ. ಅಗಲಕ್ಕೆ ಒಂದು ಉಪಾಯ: ಜೆರಾಕ್ಸ್ ಹಾಳೆ ಒಂದರ ದಪ್ಪ ಸುಮಾರು 0.1 ಮಿಲಿಮೀಟರ್, ಎಟಿಎಂ ಕಾರ್ಡಿನ ದಪ್ಪ 0.76. ಎರಡು ಹಾಳೆ ಜೋಡಿಸಿ ಹಿಡಿದರೂ ಒಳಗೆ ಹೋಗದ ಬಿರುಕಿಗೆ ನಿದ್ದೆಗೆಡಬೇಕಾಗಿಲ್ಲ. ಮಣ್ಣು, ಅಂತರ್ಜಲ ತಾಗುವ ಕಬ್ಬಿಣದ ಕಾಂಕ್ರೀಟಿಗೇ 0.2 ಮಿಲಿಮೀಟರಿನವರೆಗೆ ಬಿರುಕನ್ನು ಐಎಸ್ 456 ಒಪ್ಪುತ್ತದೆ. ಕಾರ್ಡು ಸಲೀಸಾಗಿ ಇಳಿದರೆ ಮಾತ್ರ ಕೂತು ಯೋಚನೆ ಮಾಡಬೇಕು. ಇನ್ನು ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸೋದು ಹಳೆಯ ಪದ್ಧತಿ. ಫೋಟೋ ಕಟ್ಟು ಹಾಕುವ ಅಂಗಡಿಯಲ್ಲಿ ಬೀಳುವ ಚೂರು ಸಾಕು. ಕಾಂಕ್ರೀಟು ಅಲುಗಿದರೆ ಗಾಜು ಒಡೆಯುತ್ತೆ, ಸುಳ್ಳು ಹೇಳೋದಿಲ್ಲ. ಸಮಿತಿಯವರು ಇಷ್ಟಕ್ಕೆ ಒಪ್ಪಿದರು: ಆರು ವಾರ ಯಾರೂ ನೆಲ ಮುಟ್ಟಬಾರದು. ಒಪ್ಪಿಸೋದು ಸುಲಭವಾಗಿರಲಿಲ್ಲ.

ಮೊದಲನೆಯದು, ಶಟರಿನ ಹತ್ತಿರದ ಗೆರೆಗಳು. ಒಂದೊಂದೂ ಮೊಳಕ್ಕಿಂತ ಕಡಿಮೆ ಉದ್ದ, ಒಂದಕ್ಕೊಂದು ಓರೆಯಾಗಿ ಸಾಲಾಗಿ ಇದ್ದವು. ಇವು ಹುಟ್ಟಿದ್ದು ಕಾಂಕ್ರೀಟು ಬಿದ್ದ ಮೂರ್ನಾಲ್ಕು ಗಂಟೆಯ ಒಳಗೆ, ಅದಿನ್ನೂ ಹಸಿ ಇದ್ದಾಗಲೇ. ಹಸಿ ಕಾಂಕ್ರೀಟು ಬೆವರುತ್ತೆ, ಒಳಗಿನ ನೀರು ನಿಧಾನವಾಗಿ ಮೇಲಕ್ಕೆ ಬರುತ್ತೆ. ಬೆವರು ಬರೋದಕ್ಕಿಂತ ಬೇಗ ಬಿಸಿಗಾಳಿ ಅದನ್ನು ಒಯ್ದರೆ ಮೇಲ್ಮೈ ಬೇಸಿಗೆಯ ಕೆರೆ ಕೆಸರಿನ ಹಾಗೆ ಸೀಳುತ್ತೆ. ಶಟರು ಎಳೆದು, ಗಾಳಿ ಬರುವ ಕಡೆ ಒದ್ದೆ ಗೋಣಿ ಕಟ್ಟಿ, ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹೊದೆಸಿದ್ದರೆ ಈ ಗೆರೆ ಬರುತ್ತಿರಲಿಲ್ಲ. ಹಸಿಯಿದ್ದಾಗಲೇ ಕಂಡಿದ್ದರೆ ಮೇಸ್ತ್ರಿ ಇನ್ನೊಮ್ಮೆ ಹಲಗೆಯಲ್ಲಿ ತಿಕ್ಕಿ ಮುಚ್ಚಬಹುದಿತ್ತು. ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಇವಕ್ಕೆ ಮದ್ದು ಸುಲಭ. ಚೆನ್ನಾಗಿ ಉಜ್ಜಿ ತೊಳೆದು, ಅಂಗಡಿಯಲ್ಲಿ ಸಿಗುವ ಲೇಟೆಕ್ಸ್ ಬೆರೆಸಿದ ತಿಳಿ ಸಿಮೆಂಟನ್ನು ಬ್ರಷ್ಷಿನಲ್ಲಿ ತಿಕ್ಕಿ ಇಳಿಸಿದೆವು. ಕೂದಲೆಳೆಯಂಥವನ್ನು ಬಿಟ್ಟೇಬಿಟ್ಟೆವು. ತೇವ ಸಿಕ್ಕಿದರೆ ಅಂಥ ಸಣ್ಣ ಬಿರುಕು ಬಿಳಿ ಸುಣ್ಣದಂಥ ಪದರ ಕಟ್ಟಿಕೊಂಡು ತಾನೇ ಕೂಡಿಕೊಳ್ಳುವುದುಂಟು.

ಎರಡನೆಯದು ನಡುವಿನ ಅಡ್ಡ ಬಿರುಕು. ಇದಕ್ಕೆ ಮೇಸ್ತ್ರಿಗಿಂತ ನಕ್ಷೆ ಮಾಡಿದವರು, ಒಪ್ಪಿದವರು ಹೊಣೆ. ಕಾಂಕ್ರೀಟು ಒಣಗುವಾಗ ಮೀಟರಿಗೆ ಸುಮಾರು 0.3 ಮಿಲಿಮೀಟರ್ ಕುಗ್ಗುತ್ತದೆ ಅಂತ ಲೆಕ್ಕ ಹಿಡಿಯುತ್ತೇವೆ. ನೀರು ಹೆಚ್ಚಾಗಿದ್ದರೆ ಇನ್ನೂ ಜಾಸ್ತಿ. ನಮ್ಮ ನೆಲ 12 ಮೀಟರು ಉದ್ದ, ಮೂರೂವರೆ ಮಿಲಿಮೀಟರು ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಗೋಡೆಗೂ ಕಂಬಕ್ಕೂ ಅಂಟಿಸಿ ಒಂದೇ ಹಾಸಾಗಿ ಹಾಕಿದ್ದರಿಂದ ಅದು ಸರಿಯಾಗಿ ನಡುವೆ, ಕಂಬದ ಮೂಲೆ ಹಿಡಿದು ಬಾಯಿ ಬಿಟ್ಟಿತು. ಎಲ್ಲಿ ಸೀಳಬೇಕು ಅನ್ನುವುದನ್ನು ನಾವು ಹೇಳದಿದ್ದರೆ ಅದೇ ಆರಿಸಿಕೊಳ್ಳುತ್ತೆ. 4 ಇಂಚಿನ ನೆಲಕ್ಕೆ ಎಂಟು ಹತ್ತು ಅಡಿಗೊಂದರಂತೆ, ದಪ್ಪದ ಕಾಲು ಭಾಗ ಅಂದರೆ ಒಂದಿಂಚು ಆಳಕ್ಕೆ ಗೆರೆ ಕೊಯ್ಯಬೇಕು. ಅದೂ ಮರುದಿನ ಬೆಳಗಾಗುವುದರೊಳಗೆ, ತಡವಾದರೆ ಕುಗ್ಗುವಿಕೆ ನಿಮಗಾಗಿ ಕಾಯೋದಿಲ್ಲ. ಬಿರುಕೇ ಬರಬಾರದು ಅಂತ ಹಟ ಹಿಡಿಯೋದಕ್ಕಿಂತ ಇದು ವಾಸಿ. ಗೆರೆಯ ಅಡಿಯಲ್ಲಿ ಬಿರುಕು ಬರುತ್ತೆ, ಯಾರ ಕಣ್ಣಿಗೂ ಬೀಳೋದಿಲ್ಲ.

ಇದರ ಜೊತೆಗೆ ನೀರುಣಿಸುವ ವಿಷಯ. ಮೂರನೇ ದಿನಕ್ಕೆ ಲೈನು ಕೆಟ್ಟು ಪಂಪು ಓಡಲಿಲ್ಲ. ಎರಡು ದಿನ ನೆಲ ಬಿಳಿಚಿಕೊಂಡು ಬಿದ್ದಿತ್ತು. ಆಮೇಲೆ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಕೇಳಿದರೆ “ನೀರು ಹಾಕ್ತಾ ಇದೀವಿ ಸಾರ್.” ಹಾಕಿದ್ದು ಸುಳ್ಳಲ್ಲ, ಸಾಕಾಗಲಿಲ್ಲ ಅಷ್ಟೆ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು. ಅದಕ್ಕೆ ಕಡಿಮೆಯೆಂದರೆ 10 ದಿನ ಬಿಡದೆ ತೇವ ಇರಬೇಕು, 14 ದಿನ ಆದರೆ ಒಳ್ಳೆಯದು ಅಂತ ನಿಯಮವಿದೆ. ಮಡಿ ಕಟ್ಟಿ ನೀರು ನಿಲ್ಲಿಸೋದು ಗದ್ದೆ ಮಾಡುವ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಮಾಡಲಿಲ್ಲ. ಕಲಸುವಾಗ ಬೇಡದ ನೀರು ಕೊಟ್ಟೆವು, ಹಾಕಿದ ಮೇಲೆ ಬೇಕಾದ ನೀರು ಕೊಡಲಿಲ್ಲ.

ಮೇಲೆ ಗಾರೆ ಎಳೆಯೋಣ ಅಂದವರಿಗೆ ನನ್ನ ಮನೆಯ ಕಥೆ ಹೇಳಿದೆ. ಮನೆ ಮುಂದಿನ ಅಡಿಕೆ ಒಣಗಿಸುವ ಅಂಗಳ ಬಿರುಕು ಬಿಟ್ಟಾಗ, ವಯಸ್ಸಿನ ಹುರುಪಿನಲ್ಲಿ ನಾನೇ ನಿಂತು ಮುಕ್ಕಾಲು ಇಂಚು ಗಾರೆ ಎಳೆಸಿದ್ದೆ. ನೋಡೋಕೆ ಕನ್ನಡಿ. ಎರಡನೇ ವರ್ಷಕ್ಕೆ ಹಳೆಯ ಬಿರುಕು ಎಲ್ಲಿತ್ತೋ ಅಲ್ಲೇ ಹೊಸದರ ಮೇಲೂ ಮೂಡಿತು. ಬಡಿದರೆ ಟೊಳ್ಳು ಶಬ್ದ, ಆಮೇಲೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಅಡಿಯ ಕಾಂಕ್ರೀಟು ಅಲುಗುತ್ತಿದ್ದರೆ ಮೇಲಿನ ತೆಳು ಹೊದಿಕೆ ಏನು ಮಾಡೀತು? ಎಪಾಕ್ಸಿ ತಂದವರಿಗೂ ಇದನ್ನೇ ಹೇಳಿದೆ. ಎಪಾಕ್ಸಿ ಒಳ್ಳೆಯ ವಸ್ತು, ಹಿಡಿದರೆ ಕಾಂಕ್ರೀಟಿಗಿಂತ ಗಟ್ಟಿ. ಆದರೆ ಅದು ನಿಂತುಹೋದ, ಒಣಗಿದ ಬಿರುಕಿಗೆ. ಇನ್ನೂ ಕುಗ್ಗುತ್ತಿರುವ ನೆಲಕ್ಕೆ ಹಾಕಿದರೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತೆ. ನಡುವಿನ ಬಿರುಕನ್ನು ನಾವು ಮಾಡದೆ ಬಿಟ್ಟ ಜೋಡಣೆ ಅಂತಲೇ ಲೆಕ್ಕ ಹಾಕಿದೆವು. ಮೇ ತಿಂಗಳಲ್ಲಿ ಅದರ ಜಾಡಿನಲ್ಲೇ ಯಂತ್ರದಿಂದ ಗೆರೆ ಕೊಯ್ದು, ಧೂಳು ಊದಿ ತೆಗೆದು, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಿದೆವು. ಈಗಲೂ ಅದು ಕಣ್ಣಿಗೆ ಕಾಣುತ್ತದೆ. ಕಂಡರೆ ಕಾಣಲಿ.

ಮೂರನೆಯದೇ ನಿಜವಾದ ರೋಗ. ಹಿಂದಿನ ಗೋಡೆಯಿಂದ ಎರಡಡಿ ಈಚೆಗೆ, ಗೋಡೆಯ ಉದ್ದಕ್ಕೂ ಬಂದದ್ದು. ಗೋಡೆಯ ಕಡೆಯ ಅಂಚು ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಕೆಳಗೆ ಕೂತಿತ್ತು. ಗಾಜಿನ ಪಟ್ಟಿ ಮೂರರಲ್ಲಿ ಎರಡು ಒಡೆದವು. ರಾತ್ರಿ ಆ ಜಾಗದಲ್ಲಿ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿದೆವು. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಟ್ಟಿತ್ತು, ಅದೂ ಏಪ್ರಿಲ್‌ನಲ್ಲಿ, ಮಳೆಯೇ ಇಲ್ಲದಾಗ. ಕುಗ್ಗುವ ಬಿರುಕಿನಲ್ಲಿ ಅಂಚು ಮೇಲೆ ಕೆಳಗೆ ಆಗೋದಿಲ್ಲ. ಹಾಗಾಯಿತು ಅಂದರೆ ಅಡಿಯ ಮಣ್ಣು ಕೈಕೊಟ್ಟಿದೆ ಅಂತಲೇ ತಿಳಿಯಬೇಕು. ಪಾಯ ತೋಡಿದ ಮೇಲೆ ಗೋಡೆಯ ಪಕ್ಕದ ಕಂದಕಕ್ಕೆ ಮಣ್ಣು ಸುರಿದದ್ದೇ ಸುರಿದದ್ದು, ದಿಮ್ಮಸು ಹಾಕಿರಲಿಲ್ಲ. ಅದರ ಮೇಲೆ ಗುಡ್ಡದಿಂದ ಇಳಿಯುವ ಒರತೆ.

ಇಲ್ಲಿ ಒಂದು ಲೆಕ್ಕ ಎಲ್ಲರೂ ನೆನಪಿಡಬೇಕು. ನೆಲದ ತಳಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಗೋಡೆಯ ಹಿಂದೆ ನೀರು ನಿಂತರೆ, ಅದು ನೆಲದ ಪ್ರತಿ ಚದರ ಅಡಿಯನ್ನು 28 ಕಿಲೋದಷ್ಟು ಮೇಲಕ್ಕೆ ಒತ್ತುತ್ತದೆ. 4 ಇಂಚಿನ ಕಾಂಕ್ರೀಟು ಚದರ ಅಡಿಗೆ ತೂಗೋದು 22, 23 ಕಿಲೋ. ಮಲೆನಾಡಿನ ಆಷಾಢದಲ್ಲಿ ಗುಡ್ಡದ ಬುಡದಲ್ಲಿ ಒಂದಡಿ ನೀರು ನಿಲ್ಲೋದು ಏನು ದೊಡ್ಡ ಮಾತು? ಬಿರುಕಿಗೆ ಎಷ್ಟು ಡಬ್ಬಿ ಏನು ತುಂಬಿದರೂ ನೀರು ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತೆ, ಇಲ್ಲವೇ ನೆಲವನ್ನೇ ಎತ್ತುತ್ತೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಯಾಕೆ ತೆಗೆಯುತ್ತೇವೆ? ನೀರನ್ನು ತಡೆಯೋಕಲ್ಲ, ಹೋಗೋಕೆ ದಾರಿ ಕೊಡೋಕೆ. ಗೋದಾಮಿಗೂ ಅದೇ.

ಹಾಗಾಗಿ ಪೂರ್ತಿ ನೆಲ ಒಡೆಯಲಿಲ್ಲ. ಹಿಂದಿನ ಗೋಡೆಯ ಪಕ್ಕದ ಎರಡಡಿ ಪಟ್ಟಿಯನ್ನು ಮಾತ್ರ ಕೊಯ್ದು ತೆಗೆದೆವು. ಅಡಿಯ ಮಣ್ಣಿನಲ್ಲಿ ಹಾರೆ ಕೈಯ ಒತ್ತಡಕ್ಕೇ ಇಳಿಯಿತು. ಅದನ್ನು ತೋಡಿ ಹಾಕಿ, ಗರಸು ತುಂಬಿ, ಅರ್ಧರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಹೊಡೆಸಿದೆವು. ಗೋಡೆಯ ಬುಡದಲ್ಲಿ ತೂತು ಕೊರೆದ 4 ಇಂಚಿನ ಪೈಪು ಮಲಗಿಸಿ, ಸುತ್ತ ಜಲ್ಲಿ, ಜಲ್ಲಿಗೆ ಮಣ್ಣು ಸೇರದ ಹಾಗೆ ಬಟ್ಟೆ ಹೊದೆಸಿ, ಪೈಪಿನ ಬಾಯಿಯನ್ನು ಪಕ್ಕದ ಗೋಡೆಯಡಿಯಿಂದ ಕೆಳಗಿನ ದಾರಿಯ ಚರಂಡಿಗೆ ಬಿಟ್ಟೆವು. ಇಳಿಜಾರಿನ ಶಾಪವೇ ಇಲ್ಲಿ ವರವಾಯಿತು, ಪಂಪು ಬೇಕಾಗಲಿಲ್ಲ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಹೊಸ ಕಾಂಕ್ರೀಟು. ಈ ಸಲ ಬೆಳಿಗ್ಗೆ ಆರು ಗಂಟೆಗೆ, ಎರಡೇ ಬಕೆಟ್ ನೀರಿಗೆ, ಗೋಡೆಗೆ ಅಂಟದ ಹಾಗೆ ಅರ್ಧ ಇಂಚು ಥರ್ಮಕೋಲ್ ಇಟ್ಟು. ಮಾಡಿದವರು ಅದೇ ಮೇಸ್ತ್ರಿ. ಕೂಲಿ ಬಿಟ್ಟು ಬೇರೇನೂ ಕೇಳಲಿಲ್ಲ. ಕಂದಕ ತುಂಬಿದ್ದು ತನ್ನ ತಪ್ಪು ಅಂತ ಸಮಿತಿಯ ಮುಂದೆ ತಾವಾಗಿ ಒಪ್ಪಿದರು. ಮೂರನೇ ಬಕೆಟ್ಟು ನನ್ನ ತಪ್ಪೂ ಹೌದು ಅಂತ ನಾನೂ ಆಗ ಹೇಳಿದೆ. ತಡೆಹಿಡಿದಿದ್ದ ಕೊನೆಯ ಕಂತನ್ನು ಸಮಿತಿ ಆವತ್ತೇ ಬಿಡುಗಡೆ ಮಾಡಿತು. ಕಾರ್ಯದರ್ಶಿಗಳು ಸಿಮೆಂಟಿನ ಬಿಲ್ಲು, ಮೂಟೆ ಲೆಕ್ಕ ಎಲ್ಲ ಮೇಜಿನ ಮೇಲಿಟ್ಟರು. ಒಂದು ಮೂಟೆಯೂ ಕಡಿಮೆ ಬಂದಿರಲಿಲ್ಲ. ಅವರ ಮೇಲೆ ಮಾತಾಡಿದವರಲ್ಲಿ ಒಬ್ಬಿಬ್ಬರು ಬಂದು ಕೈ ಹಿಡಿದರು, ಎಲ್ಲರೂ ಬರಲಿಲ್ಲ.

2024ರ ಜುಲೈ ಮಳೆ ನಿಮಗೆ ನೆನಪಿದೆ. ಆ ಪೈಪಿನಲ್ಲಿ ಹೆಬ್ಬೆರಳು ಗಾತ್ರದ ನೀರು ಹಗಲೂ ರಾತ್ರಿ ಹರಿಯಿತು. ಶಾಲೆ ಮಕ್ಕಳು ಕಾಲು ತೊಳೆದುಕೊಂಡು ಹೋಗುತ್ತಿದ್ದರು. ಅಷ್ಟೂ ನೀರು ಮೊದಲು ನಮ್ಮ ನೆಲದ ಅಡಿಯಲ್ಲಿ ನಿಲ್ಲಬೇಕಾಗಿತ್ತು. ಯೂರಿಯಾ ಅಂದರೆ ಗಾಳಿಯ ತೇವವನ್ನೇ ಕುಡಿಯುವ ವಸ್ತು. 45 ಕಿಲೋ ಚೀಲ ಒಮ್ಮೆ ಹೆಂಟೆಗಟ್ಟಿದರೆ ರೈತ ಬಡಿಗೆಯಲ್ಲಿ ಒಡೆದು ಎರಚಬೇಕು. ಆ ಮಳೆಗಾಲದಲ್ಲಿ ಒಂದು ಚೀಲವೂ ಕಟ್ಟಲಿಲ್ಲ.

ಆದರೆ ಪೂರ್ತಿ ಗೆದ್ದೆವು ಅಂತ ನಾನು ಹೇಳೋದಿಲ್ಲ. ಹಿಂದಿನ ಎಡ ಮೂಲೆಯಲ್ಲಿ, ಎರಡು ಗೋಡೆ ಕೂಡುವಲ್ಲಿ, ಆಗಸ್ಟಿನಲ್ಲಿ ಊಟದ ತಟ್ಟೆಯಷ್ಟು ಜಾಗ ಒದ್ದೆಯಾಗಿತ್ತು. ಅದು ನೆಲದ್ದಲ್ಲ, ಗೋಡೆಯಿಂದ ಬಂದದ್ದು ಅಂತ ನನ್ನ ಊಹೆ. ಈ ಮಳೆಗಾಲ ನೋಡಿ ಹೊರಗಡೆಯಿಂದ ಅಗೆದು ನೋಡಬೇಕಾಗಬಹುದು. ಅಲ್ಲಿಯವರೆಗೆ ಗೋದಾಮಿನ ಸಿಬ್ಬಂದಿಗೆ ಎರಡು ಮಾತು: ಚೀಲಗಳನ್ನು ಹಲಗೆಯ ಮೇಲೇ ಒಟ್ಟಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು. ಆ ಮೂಲೆಗೆ ಮಾತ್ರ ಏನೂ ಇಡಬೇಡಿ. ನೆಲದ ಮೇಲಿನ ಪೆನ್ಸಿಲ್ ಗೆರೆಗಳನ್ನು ಸ್ವಚ್ಛ ಮಾಡೋಕೆ ಅಂತ ಯಾರೋ ಮೊನ್ನೆ ಒದ್ದೆಬಟ್ಟೆ ತೆಗೆದುಕೊಂಡು ಹೊರಟಿದ್ದರಂತೆ. ದಯವಿಟ್ಟು ಅಳಿಸಬೇಡಿ, ಇನ್ನೊಂದು ವರ್ಷ ಬೇಕು.

ನೋಡಬೇಕು ಅನ್ನುವವರು ಊಟವಾದ ಮೇಲೆ ಕೆಳಗೆ ಬನ್ನಿ, ಬೀಗದ ಕೈ ನನ್ನ ಹತ್ತಿರವೇ ಇದೆ.